ಟೆಕ್ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ಸಲ್ಟಿಂಗ್ ಕಂಪನಿ ಸೇರಬೇಕು ಅಂದುಕೊಂಡವರು, ಈಗಷ್ಟೇ ಆಫರ್ ಲೆಟರ್ ಕೈಗೆ ಬಂದವರು, ಸೇರಿ ಆರು ತಿಂಗಳಾದರೂ ಇಲ್ಲಿ ಏನು ನಡೀತಿದೆ ಅಂತ ಗೊತ್ತಾಗದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಮಾರಾಟಕ್ಕಿರುವುದು ನಿಮ್ಮ ಸಮಯ. ನಿಮ್ಮ ಗಂಟೆಗೆ ಯಾರು ದುಡ್ಡು ಕೊಡುತ್ತಿದ್ದಾರೆ ಎಂದು ತಿಳಿದುಕೊಂಡರೆ, ವಿಚಿತ್ರ ಅನಿಸುವ ಅರ್ಧ ಸಂಗತಿಗಳಿಗೆ ಕಾರಣ ಸಿಕ್ಕಿಬಿಡುತ್ತದೆ.

ಕನ್ಸಲ್ಟಿಂಗ್ ಕಂಪನಿಗೂ ಪ್ರಾಡಕ್ಟ್ ಕಂಪನಿಗೂ ಏನು ವ್ಯತ್ಯಾಸ?

ಪ್ರಾಡಕ್ಟ್ ಕಂಪನಿ ಒಂದು ಸಾಫ್ಟ್‌ವೇರ್ ಕಟ್ಟಿ ಅದನ್ನೇ ಸಾವಿರಾರು ಜನಕ್ಕೆ ಮಾರುತ್ತದೆ. ಕನ್ಸಲ್ಟಿಂಗ್ ಕಂಪನಿ ಬೇರೆಯವರ ಸಮಸ್ಯೆಗೆ ತನ್ನ ಜನರನ್ನು ಕಳಿಸುತ್ತದೆ. ಅವರು ಬರೆದ ಕೋಡ್, ಕಟ್ಟಿದ ಸಿಸ್ಟಮ್ ಕೊನೆಗೆ ಕ್ಲೈಂಟ್‌ಗೆ ಸೇರುತ್ತದೆ.

ಈ ಕಸುಬು ಹೊಸದಲ್ಲ. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ಕಾರ್ಖಾನೆಯ ಸಂಬಳದ ಲೆಕ್ಕಕ್ಕೆ ಯುನಿವ್ಯಾಕ್ ಕಂಪ್ಯೂಟರ್ ಹಾಕಿಸಿತು. ಅದಕ್ಕೆ ನೆರವಾದವರು ಆರ್ಥರ್ ಆಂಡರ್ಸನ್ ಎಂಬ ಆಡಿಟ್ ಸಂಸ್ಥೆಯವರು. ಆ ಸಂಸ್ಥೆಯ ಕನ್ಸಲ್ಟಿಂಗ್ ವಿಭಾಗ 1989ರಲ್ಲಿ ಬೇರೆ ಘಟಕವಾಯಿತು, 2001ರಲ್ಲಿ ಅಕ್ಸೆಂಚರ್ ಎಂದು ಹೆಸರು ಬದಲಿಸಿಕೊಂಡಿತು. ಮಷೀನು ಮಾರುತ್ತಿದ್ದ ಐಬಿಎಂ ಕೂಡ 2002ರಲ್ಲಿ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್‌ನ ಕನ್ಸಲ್ಟಿಂಗ್ ವಿಭಾಗವನ್ನು ಕೊಂಡುಕೊಂಡಿತು. ಆಡಿಟ್, ಹಾರ್ಡ್‌ವೇರ್, ಸಾಫ್ಟ್‌ವೇರ್ ಹೀಗೆ ಬೇರೆ ಬೇರೆ ದಾರಿಯಿಂದ ಬಂದವರು ಇಲ್ಲಿ ಸೇರಿದ್ದಾರೆ. ಯಾವ ಎರಡು ಕಂಪನಿಗಳ ರೀತಿನೀತಿಯೂ ಒಂದೇ ಥರ ಇರದಿರುವುದಕ್ಕೆ ಅದೂ ಒಂದು ಕಾರಣ.

ಕ್ಲೈಂಟ್ ಹತ್ತಿರ ಅವರದೇ ಐಟಿ ಜನ ಇರ್ತಾರಲ್ವಾ? ಹೊರಗಿನವರು ಯಾಕೆ?

ಇರುತ್ತಾರೆ. ಆದರೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಕಾಯಂ ಜನರನ್ನು ಇಟ್ಟುಕೊಳ್ಳುವುದು ಯಾರಿಗೂ ಗಿಟ್ಟುವುದಿಲ್ಲ. ದೊಡ್ಡ ಕಂಪನಿಗಳು ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳಲು ಬಳಸುವ ಎಸ್‌ಎಪಿ ಸಾಫ್ಟ್‌ವೇರನ್ನೇ ನೋಡಿ. ಅದರ ಹಳೆಯ ಇಸಿಸಿ ಆವೃತ್ತಿಗೆ ಮುಖ್ಯ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತದೆ ಎಂದು ಕಂಪನಿ ಹೇಳಿದೆ. ಅದನ್ನು ನಂಬಿಕೊಂಡಿರುವ ಎಷ್ಟೋ ಕಂಪನಿಗಳು ಒಂದೇ ಹೊತ್ತಿಗೆ ಹೊಸದಕ್ಕೆ ಹೋಗಬೇಕು. ಒಮ್ಮೆ ಹೋದಮೇಲೆ ಅಷ್ಟು ಜನ ಬೇಡ. ಅಂಥಲ್ಲಿ ಹೊರಗಿನವರು ಬರುತ್ತಾರೆ, ಮುಗಿಸುತ್ತಾರೆ, ಹೋಗುತ್ತಾರೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳಗಿನವರಿಗೆ ಮೊದಲೇ ಗೊತ್ತಿದ್ದ ಮಾತನ್ನೇ ಹೊರಗಿನವರ ಬಾಯಲ್ಲಿ ಹೇಳಿಸಬೇಕಾಗಿರುತ್ತದೆ. ಎರಡು ವಿಭಾಗಗಳ ಜಗಳದಲ್ಲಿ ಮೂರನೆಯವರ ವರದಿಗೆ ಬೇರೆಯದೇ ತೂಕ. ನೀವು ಬರೆದ ಐವತ್ತು ಪುಟದ ವರದಿಯಲ್ಲಿ ಅರ್ಧ ಭಾಗ ಅಲ್ಲಿಯವರೇ ಹೇಳಿದ್ದು ಎಂದು ಗೊತ್ತಾದರೆ ಬೇಜಾರಾಗಬೇಡಿ. ಅದನ್ನು ಜೋಡಿಸಿ, ಎಲ್ಲರೂ ಒಪ್ಪುವ ಹಾಗೆ ಬರೆಯುವುದೂ ಕೆಲಸವೇ.

ದಿನವೆಲ್ಲ ಕೋಡ್ ಬರೀತಾ ಇರಬಹುದಾ?

ಮೊದಲ ಎರಡು ಮೂರು ವರ್ಷ ಬಹುಮಟ್ಟಿಗೆ ಹೌದು. ಆಮೇಲೆ ಕೋಡ್ ಕಡಿಮೆಯಾಗಿ ಮಾತು, ಬರಹ ಜಾಸ್ತಿಯಾಗುತ್ತದೆ. ಮೀಟಿಂಗ್ ನೋಟ್ಸ್, ಡಿಸೈನ್ ಡಾಕ್ಯುಮೆಂಟ್, ಎಸ್ಟಿಮೇಟ್, "ನಿನ್ನೆ ನೀವು ಹೇಳಿದ್ದನ್ನು ನಾವು ಹೀಗೆ ಅರ್ಥ ಮಾಡಿಕೊಂಡಿದ್ದೇವೆ, ಸರಿಯಾ?" ಎನ್ನುವ ಮೇಲ್. ಇದೆಲ್ಲ ಬೋರು ಅನಿಸಿದರೆ ಈ ಕೆಲಸ ನಿಮಗೆ ಕಷ್ಟ.

ಆದರೆ ಸ್ವಾರಸ್ಯ ಇರುವುದೂ ಅಲ್ಲೇ. ಕ್ಲೈಂಟ್ ಕೊಡುವ ಕಾಗದದಲ್ಲಿ ಒಂದು ಕಥೆ ಇರುತ್ತದೆ, ಅವರ ಡೇಟಾಬೇಸಿನಲ್ಲಿ ಬೇರೆಯದೇ ಕಥೆ. ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವಾಗ ಕೆದಕಿ ನೋಡಿ. ರಾಶಿ ಗ್ರಾಹಕರ ಹುಟ್ಟಿದ ದಿನ 01-01-1900 ಎಂದು ಸಿಗುತ್ತದೆ. ಆ ಜಾಗ ಖಾಲಿ ಬಿಡಲು ಹಳೆಯ ಸ್ಕ್ರೀನ್ ಬಿಡುತ್ತಿರಲಿಲ್ಲ, ಕೌಂಟರ್‌ನಲ್ಲಿ ಕೂತವರು ಏನೋ ಒಂದು ತುಂಬಿ ಮುಂದೆ ಹೋಗಿದ್ದಾರೆ. ಷರಾ ಬರೆಯುವ ಜಾಗದಲ್ಲಿ "ಪಿ2" ಎಂದಿರುತ್ತದೆ. ಹಾಗಂದರೇನು ಎಂದು ಯಾವ ಕಾಗದದಲ್ಲೂ ಇಲ್ಲ. ಇಪ್ಪತ್ತು ವರ್ಷದಿಂದ ಅದೇ ಮೇಜಿನಲ್ಲಿ ಕೂತ ಗುಮಾಸ್ತೆಯೊಬ್ಬರನ್ನು ಕೇಳಿದರೆ, "ಅದಾ? ಈ ಗ್ರಾಹಕರಿಗೆ ಬಿಲ್ ಎರಡು ಪ್ರತಿ ಕಳಿಸಬೇಕು ಅಂತ" ಎನ್ನುತ್ತಾರೆ. ಅವರನ್ನು ಕೇಳದೆ ಆ ಕಾಲಮ್ ಅನ್ನು ಕಸ ಎಂದು ಬಿಟ್ಟಿದ್ದರೆ, ಹೊಸ ಸಿಸ್ಟಮ್ ಶುರುವಾದ ಮೊದಲ ತಿಂಗಳೇ ದೂರುಗಳು ಬರುತ್ತಿದ್ದವು.

ಇಂಥವರನ್ನು ಹುಡುಕಿ ಮಾತಾಡಿಸುವುದು ಒಳ್ಳೆಯ ಕನ್ಸಲ್ಟಂಟ್‌ಗೆ ಬರುವ ವಿದ್ಯೆ. ಮ್ಯಾನೇಜರ್‌ಗಳು ಕೆಲಸ ಹೇಗೆ ನಡೆಯಬೇಕು ಎಂದು ಹೇಳುತ್ತಾರೆ. ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮಾಡುವವರ ಪಕ್ಕದಲ್ಲಿ ಕೂರಬೇಕು.

ಟೈಮ್‌ಶೀಟ್ ವಿಚಾರದಲ್ಲಿ ಯಾಕೆ ಅಷ್ಟು ಗಲಾಟೆ?

ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂದು ನೀವು ಬರೆದಿಡುವ ಟೈಮ್‌ಶೀಟ್ ಇಲ್ಲಿ ಹಾಜರಿ ಪುಸ್ತಕಕ್ಕಿಂತ ದೊಡ್ಡದು. ಕ್ಲೈಂಟ್‌ಗೆ ಹೋಗುವ ಇನ್‌ವಾಯ್ಸ್ ಅದರಿಂದಲೇ ಹುಟ್ಟುತ್ತದೆ. ನೀವು ಶುಕ್ರವಾರ ಸಂಜೆ ತುಂಬದೆ ಹೋದರೆ ಆ ತಿಂಗಳ ಬಿಲ್ ತಡ, ಬಿಲ್ ತಡವಾದರೆ ದುಡ್ಡು ತಡ. ಅದಕ್ಕೇ ಆ ನೆನಪಿನ ಮೇಲ್‌ಗಳ ಸುರಿಮಳೆ.

ಇದರ ಜೊತೆಗೇ ಬರುವ ಲೆಕ್ಕ ಯುಟಿಲೈಸೇಷನ್. ನಿಮ್ಮ ಒಟ್ಟು ಗಂಟೆಗಳಲ್ಲಿ ಕ್ಲೈಂಟ್‌ಗೆ ಬಿಲ್ ಆದದ್ದು ನೂರಕ್ಕೆ ಎಷ್ಟು ಅಂತ. ವಾರಕ್ಕೆ 40 ಗಂಟೆಯಲ್ಲಿ 32 ಬಿಲ್ ಆದರೆ 80. ಸುಲಭ ಅನಿಸುತ್ತದೆ ಅಲ್ವಾ? ಈಗ ವರ್ಷಕ್ಕೆ ಹಾಕಿ ನೋಡಿ. 52 ವಾರಕ್ಕೆ 2080 ಗಂಟೆ. ರಜೆ, ಹಬ್ಬ ಎಲ್ಲ ಸೇರಿ 25 ದಿನ, ಅಂದರೆ 200 ಗಂಟೆ ಕಳೆಯಿರಿ. ಉಳಿದದ್ದು 1880. ಕಂಪನಿ ಕೇಳುವ 80ನ್ನು 2080ರ ಮೇಲೆ ಹಾಕಿದರೆ 1664 ಗಂಟೆ ಬಿಲ್ ಆಗಬೇಕು. ತರಬೇತಿ, ಒಳಗಿನ ಮೀಟಿಂಗ್, ಹುಷಾರಿಲ್ಲದ ದಿನ, ಎರಡು ಪ್ರಾಜೆಕ್ಟ್ ನಡುವಿನ ಬಿಡುವು, ಎಲ್ಲಕ್ಕೂ ಸೇರಿ ಮಿಕ್ಕುವುದು 216 ಗಂಟೆ, ಅಂದರೆ 27 ದಿನ. ಅದೇ 80ನ್ನು 1880ರ ಮೇಲೆ ಹಾಕಿದರೆ 1504 ಗಂಟೆ ಸಾಕು. ಗುರಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಯಾವುದರ ಮೇಲೆ ಎಂದು ಕೇಳುವವರು ಕಡಿಮೆ. ನೀವು ಕೇಳಿ.

ಒಂದು ಎಚ್ಚರಿಕೆ. "ಹತ್ತು ಗಂಟೆ ಕೆಲಸ ಮಾಡಿದ್ದರೂ ಎಂಟೇ ಹಾಕು" ಎಂದು ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಕಡಿಮೆ ಬರೆದರೆ ಮುಂದಿನ ಎಸ್ಟಿಮೇಟ್ ಕೂಡ ಅದೇ ಸುಳ್ಳಿನ ಮೇಲೆ ನಿಲ್ಲುತ್ತದೆ, ಮುಂದಿನ ತಂಡವೂ ಹತ್ತು ಗಂಟೆ ದುಡಿಯುತ್ತದೆ. ಜಾಸ್ತಿ ಬರೆಯುವುದಂತೂ ಕ್ಲೈಂಟ್‌ಗೆ ಮೋಸ, ಕೆಲಸ ಹೋಗುವ ವಿಷಯ.

ಬೆಂಚ್ ಅಂದರೆ ಭಯಪಡಬೇಕಾ?

ಬಿಲ್ ಆಗುವ ಪ್ರಾಜೆಕ್ಟ್ ಕೈಯಲ್ಲಿ ಇಲ್ಲದ ಸಮಯಕ್ಕೆ ಬೆಂಚ್ ಎನ್ನುತ್ತಾರೆ. ಸಂಬಳ ಬರುತ್ತಿರುತ್ತದೆ, ನಿಮ್ಮಿಂದ ಕಂಪನಿಗೆ ಆದಾಯ ಇರುವುದಿಲ್ಲ. ಎರಡು ಮೂರು ವಾರ ಎಲ್ಲರಿಗೂ ಬರುತ್ತದೆ, ಅದು ಮಾಮೂಲಿ. ತಿಂಗಳುಗಟ್ಟಲೆ ಎಳೆದರೆ ಯೋಚಿಸಬೇಕು. ಮಾರುಕಟ್ಟೆ ಬಿದ್ದಾಗ ಕಂಪನಿಗಳು ಮೊದಲು ಕಣ್ಣು ಹಾಕುವುದು ಬೆಂಚ್ ಮೇಲೆಯೇ.

ಬೆಂಚ್‌ನಲ್ಲಿರುವಾಗ ತರಬೇತಿ ವಿಡಿಯೊ ನೋಡುತ್ತಾ ಕೂರುವುದಕ್ಕಿಂತ ಹೊಸ ಕೆಲಸ ಗಿಟ್ಟಿಸಲು ಓಡಾಡುವ ಪ್ರೀ-ಸೇಲ್ಸ್ ತಂಡಕ್ಕೆ ಕೈ ಜೋಡಿಸುವುದು ಮೇಲು. ಅವರಿಗೆ ಯಾವಾಗಲೂ ಜನ ಸಾಲದು. ಪ್ರಪೋಸಲ್ ಬರೆಯಲು, ಡೆಮೊ ಕಟ್ಟಲು ನೆರವಾದವರ ಹೆಸರು, ಆ ಕೆಲಸ ಗೆದ್ದಾಗ ಮೊದಲು ನೆನಪಾಗುತ್ತದೆ. ಹಳೆಯ ಪ್ರಾಜೆಕ್ಟ್‌ನ ಮ್ಯಾನೇಜರ್‌ಗೂ ಒಂದು ಮಾತು ಹಾಕಿಡಿ. ಸಿಸ್ಟಮ್‌ನಲ್ಲಿ ಅರ್ಜಿ ಹಾಕಿ ಸಿಕ್ಕುವ ಪ್ರಾಜೆಕ್ಟ್‌ಗಳಿಗಿಂತ ಯಾರೋ ಕರೆದು ಸಿಕ್ಕುವವೇ ಜಾಸ್ತಿ.

ಫಿಕ್ಸ್ಡ್ ಪ್ರೈಸ್, ಟಿ ಆಂಡ್ ಎಂ ಎಂಬ ಮಾತು ನನಗೆ ಯಾಕೆ ಬೇಕು? ನಾನು ಡೆವಲಪರ್.

ನಿಮ್ಮ ಶನಿವಾರ ಭಾನುವಾರಗಳ ಹಣೆಬರಹ ಅದರಲ್ಲೇ ಇದೆ, ಅದಕ್ಕೆ.

ಟಿ ಆಂಡ್ ಎಂ (ಟೈಮ್ ಆಂಡ್ ಮೆಟೀರಿಯಲ್ಸ್) ಅಂದರೆ ಎಷ್ಟು ಗಂಟೆಯೋ ಅಷ್ಟು ದುಡ್ಡು. 1000 ಗಂಟೆ ಅಂದುಕೊಂಡ ಕೆಲಸ 1300 ಆದರೆ ಹೆಚ್ಚಿನ 300 ಕ್ಲೈಂಟ್ ಮೇಲೆ. ಫಿಕ್ಸ್ಡ್ ಪ್ರೈಸ್‌ನಲ್ಲಿ ಮೊತ್ತ ಮೊದಲೇ ಬರೆದಾಗಿರುತ್ತದೆ. ಅದೇ 300 ಗಂಟೆ ಈಗ ನಿಮ್ಮ ಕಂಪನಿಯ ಜೇಬಿನಿಂದ. ಆಗ ಮ್ಯಾನೇಜರ್ ಮುಖ ಬದಲಾಗುತ್ತದೆ. ಆ ಗಂಟೆಗಳು ಟೈಮ್‌ಶೀಟ್‌ನಲ್ಲಿ ಕಾಣದೆ ತಂಡದ ರಾತ್ರಿಗಳಲ್ಲಿ ಸೇರಿಹೋಗುವುದೂ ಉಂಟು.

ಹಾಗಾಗಿ ಪ್ರಾಜೆಕ್ಟ್ ಸೇರಿದ ಮೊದಲ ವಾರ ಸ್ಟೇಟ್‌ಮೆಂಟ್ ಆಫ್ ವರ್ಕ್, ಅಂದರೆ ಈ ಕೆಲಸಕ್ಕೆ ಕ್ಲೈಂಟ್ ಜೊತೆ ಮಾಡಿಕೊಂಡ ಒಪ್ಪಂದದ ಕಾಗದ, ಓದಲು ಕೇಳಿ. ಬೆಲೆಯ ಪುಟ ತೋರಿಸಲಿಕ್ಕಿಲ್ಲ, ಪರವಾಗಿಲ್ಲ. ಏನೇನು ಕೊಡಬೇಕು, ಏನು ಸೇರಿಲ್ಲ, ಕ್ಲೈಂಟ್ ಏನು ಒದಗಿಸಬೇಕು ಎನ್ನುವ ಮೂರು ಭಾಗ ಓದಿದರೆ ಸಾಕು. "ರಿಪೋರ್ಟ್‌ನಲ್ಲಿ ಒಂದೇ ಒಂದು ಕಾಲಮ್ ಸೇರಿಸಿಬಿಡಿ, ಚಿಕ್ಕ ಕೆಲಸ" ಎಂದು ಕ್ಲೈಂಟ್ ಕಾರಿಡಾರ್‌ನಲ್ಲಿ ಹೇಳುತ್ತಾರೆ. ಆ ಕಾಲಮ್‌ನ ಮಾಹಿತಿ ಬೇರೆ ಸಿಸ್ಟಮ್‌ನಲ್ಲಿದೆ, ಅಲ್ಲಿಂದ ತರಲು ಅನುಮತಿ ಬೇಕು, ಟೆಸ್ಟ್ ಆಗಬೇಕು, ಬಳಸುವವರ ಕೈಪಿಡಿ ಬದಲಾಗಬೇಕು. ಇಲ್ಲ ಅನ್ನಬೇಡಿ, ಹೂಂ ಅಂತಲೂ ಅನ್ನಬೇಡಿ. "ಖಂಡಿತ ನೋಡೋಣ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ನಾಳೆ ಹೇಳುತ್ತೇನೆ" ಎನ್ನಿ. ಅದು ಬೇರೆ ದುಡ್ಡು ಕೇಳುವ ಚೇಂಜ್ ರಿಕ್ವೆಸ್ಟ್ ಆಗುತ್ತದೋ, ಒಳ್ಳೆಯ ಸಂಬಂಧಕ್ಕಾಗಿ ಬಿಟ್ಟಿ ಮಾಡಿಕೊಡುತ್ತಾರೋ, ಅದನ್ನು ನಿಮ್ಮ ಮ್ಯಾನೇಜರ್ ನಿರ್ಧರಿಸಲಿ.

ತಡವಾದ ಪ್ರಾಜೆಕ್ಟ್‌ಗೆ ಇನ್ನಷ್ಟು ಜನ ಹಾಕಿದರೆ ಬೇಗ ಮುಗಿಯಲ್ವಾ?

ಸಾಮಾನ್ಯವಾಗಿ ಇಲ್ಲ. 5 ಜನರ ತಂಡದಲ್ಲಿ ಇಬ್ಬಿಬ್ಬರ ಜೋಡಿ 10. 10 ಜನರಾದರೆ 45. ಮಾತುಕತೆ ನಾಲ್ಕೂವರೆ ಪಟ್ಟು, ಕೈ ಎರಡೇ ಪಟ್ಟು. ಹೊಸಬರಿಗೆ ಕೆಲಸ ಹೇಳಿಕೊಡುವವರೂ ಹಳಬರೇ. ಆದರೂ ಜನ ಸೇರಿಸುತ್ತಲೇ ಇರುತ್ತಾರೆ. ಸೇರಿಸಿದವರಿಗೂ ಬಿಲ್ ಆಗುತ್ತದೆ ಎನ್ನುವುದು ಇಲ್ಲಿ ಸಣ್ಣ ಕಾರಣವೇನಲ್ಲ.

ಗೋ-ಲೈವ್ ರಾತ್ರಿ ಬಗ್ಗೆ ತುಂಬಾ ಕಥೆ ಕೇಳಿದ್ದೇನೆ. ನಿಜಕ್ಕೂ ಹೇಗಿರುತ್ತದೆ?

ಗೋ-ಲೈವ್ ಅಂದರೆ ಹಳೆಯ ಸಿಸ್ಟಮ್ ನಿಲ್ಲಿಸಿ ಹೊಸದನ್ನು ಚಾಲೂ ಮಾಡುವುದು. ಚೆನ್ನಾಗಿ ತಯಾರಿ ಮಾಡಿದ ಗೋ-ಲೈವ್‌ನಲ್ಲಿ ರೋಮಾಂಚನ ಏನೂ ಇರುವುದಿಲ್ಲ. ಕೈಯಲ್ಲಿ ರನ್‌ಬುಕ್ ಎಂಬ ಪಟ್ಟಿ ಇರುತ್ತದೆ. ಅದರ ಒಂದು ಸಾಲು ಹೀಗಿರಬಹುದು: "ಹೆಜ್ಜೆ 47. ಗ್ರಾಹಕರ ಬಾಕಿ ಮೊತ್ತ ಹಳೆಯ ಸಿಸ್ಟಮ್‌ಗೂ ಹೊಸದಕ್ಕೂ ತಾಳೆ ನೋಡುವುದು. ಶುರು 02:30, ಮುಗಿಯಬೇಕಾದ್ದು 03:15. ಮಾಡುವವರು ಒಬ್ಬರು, ನೋಡುವವರು ಇನ್ನೊಬ್ಬರು. ತಾಳೆಯಾಗದಿದ್ದರೆ ಹೆಜ್ಜೆ 41ಕ್ಕೆ ಹಿಂದಿರುಗಿ." ಶುಕ್ರವಾರ ರಾತ್ರಿ ಹಳೆಯ ಸಿಸ್ಟಮ್‌ಗೆ ಬೀಗ. ಶನಿವಾರವೆಲ್ಲ ಡೇಟಾ ತೆಗೆಯುವುದು, ಹಾಕುವುದು, ತಾಳೆ ನೋಡುವುದು. ಭಾನುವಾರ ಮಧ್ಯಾಹ್ನ, ಮುಂದೆ ಹೋಗುವುದೋ ಬೇಡವೋ ಎಂದು ನಿರ್ಧರಿಸುವ ಗೋ/ನೋ-ಗೋ ಮೀಟಿಂಗ್. ಹಿಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟನ್ನು ಮೊದಲೇ ಲೆಕ್ಕ ಹಾಕಿ ಆ ಮೀಟಿಂಗ್ ಇಟ್ಟಿರುತ್ತಾರೆ. ಅದಾದ ಮೇಲೆ ತೊಂದರೆ ಕಂಡರೂ ಸೋಮವಾರ ಬೆಳಗ್ಗೆಯೊಳಗೆ ಹಳೆಯದನ್ನು ಎಬ್ಬಿಸಲು ಆಗುವುದಿಲ್ಲ.

ಈ ಇಡೀ ನಾಟಕವನ್ನು ಮೊದಲೇ ಎರಡು ಮೂರು ಸಲ ತಾಲೀಮು ಮಾಡಿರಬೇಕು. ನಿಮ್ಮ ತಂಡ ತಾಲೀಮು ಬಿಟ್ಟು ನೇರ ಗೋ-ಲೈವ್‌ಗೆ ಹೊರಟಿದ್ದರೆ, ನೀವು ಕೇಳಿದ ಕಥೆಗಳಿಗೆ ಇನ್ನೊಂದು ಸೇರುತ್ತದೆ ಅಷ್ಟೆ.

ಸೋಮವಾರದಿಂದ ಹೈಪರ್‌ಕೇರ್. ಕೆಲವು ವಾರ ಇಡೀ ತಂಡ ದೂರುಗಳಿಗೆ ಓಗೊಡುತ್ತಿರುತ್ತದೆ. ಬರುವ ಫೋನ್‌ಗಳಲ್ಲಿ ಬಹುಪಾಲು "ಪಾಸ್‌ವರ್ಡ್ ತಗೊಳ್ತಿಲ್ಲ", "ಹಳೇ ಬಟನ್ ಎಲ್ಲಿ ಹೋಯ್ತು" ಎನ್ನುವವು. ತಾಳ್ಮೆ ಇಟ್ಟುಕೊಳ್ಳಿ. ಹೊಸ ಸಿಸ್ಟಮ್ ಬೇಕು ಎಂದು ಆ ಜನ ಕೇಳಿರಲಿಲ್ಲ.

ಪ್ರಾಜೆಕ್ಟ್ ಕೆಟ್ಟು ಕೂತಿದ್ದರೂ ರಿಪೋರ್ಟ್‌ನಲ್ಲಿ ಎಲ್ಲ ಹಸಿರು ಯಾಕೆ?

ವಾರದ ವರದಿಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣ ಹಾಕುತ್ತಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು ಇರುವ ಪ್ರಾಜೆಕ್ಟ್‌ಗೆ ಕಲ್ಲಂಗಡಿ ಎಂದೇ ಈ ಕಸುಬಿನಲ್ಲಿ ಅಡ್ಡಹೆಸರು. ಡೆವಲಪರ್ ಹೇಳಿದ "ಆಗಲ್ಲ" ಲೀಡ್ ಹತ್ತಿರ "ಕಷ್ಟ" ಆಗುತ್ತದೆ, ಮ್ಯಾನೇಜರ್ ಹತ್ತಿರ "ಸವಾಲು", ಡೈರೆಕ್ಟರ್ ಹತ್ತಿರ ಹೋಗುವಷ್ಟರಲ್ಲಿ "ನಿಗಾ ಇಟ್ಟಿದ್ದೇವೆ". ಯಾರೂ ಪೂರ್ತಿ ಸುಳ್ಳು ಹೇಳಿರುವುದಿಲ್ಲ.

ನಿಮ್ಮ ಕೈಲಿ ಆಗುವುದು ಇಷ್ಟು: ಸಮಸ್ಯೆಯನ್ನು ದಿನಾಂಕ, ಪರಿಣಾಮ ಸಹಿತ ಬರೆದು ಕಳಿಸಿ. "ಟೆಸ್ಟ್ ಸರ್ವರ್ ಸರಿ ಇಲ್ಲ" ಎಂದರೆ ಯಾರೂ ಅಲುಗಾಡುವುದಿಲ್ಲ. "ಟೆಸ್ಟ್ ಸರ್ವರ್ ಬುಧವಾರದೊಳಗೆ ಸಿಗದಿದ್ದರೆ 15ನೇ ತಾರೀಖಿನ ರಿಲೀಸ್ ಒಂದು ವಾರ ಮುಂದಕ್ಕೆ ಹೋಗುತ್ತದೆ" ಎಂದು ಬರೆದರೆ ಆ ವಾಕ್ಯವನ್ನು ಮೆತ್ತಗೆ ಮಾಡುವುದು ಕಷ್ಟ.

ಗೊತ್ತಿಲ್ಲದ ಟೆಕ್ನಾಲಜಿಗೆ ಹಾಕಿಬಿಡುತ್ತಾರಂತೆ, ನಿಜವಾ?

ನಿಜ. ಜಾವಾ ಕಲಿತು ಬಂದವರು ಸೇಲ್ಸ್‌ಫೋರ್ಸ್ ಪ್ರಾಜೆಕ್ಟ್‌ನಲ್ಲಿ ಕೂತಿರುತ್ತಾರೆ. ಬೇಗ ಕಲಿಯುವ ಅಭ್ಯಾಸ ಇದ್ದರೆ ಇದು ವರವೇ. ಆದರೆ ನಿಮ್ಮ ಬಯೊಡೇಟಾದಲ್ಲಿ ಇಲ್ಲದ ಅನುಭವ ಸೇರಿಸಿ ಕ್ಲೈಂಟ್‌ಗೆ ಕಳಿಸುತ್ತೇವೆ ಅಂದರೆ ಒಪ್ಪಬೇಡಿ. ಮೀಟಿಂಗ್‌ನಲ್ಲಿ ಸಿಕ್ಕಿಬೀಳುವುದು ನೀವು, ಕಳಿಸಿದವರಲ್ಲ.

ಸರ್ಟಿಫಿಕೇಟ್‌ಗಳು ಬೇಕಾ?

ಕಲಿಕೆಗಿಂತ ಜಾಸ್ತಿ ಮಾರಾಟಕ್ಕೆ ಬೇಕು. ಮೈಕ್ರೊಸಾಫ್ಟ್, ಅಮೆಜಾನ್‌ನಂಥವರು ಪಾರ್ಟ್‌ನರ್ ದರ್ಜೆ ಕೊಡುವಾಗ ನಿಮ್ಮ ಕಂಪನಿಯಲ್ಲಿ ಎಷ್ಟು ಜನಕ್ಕೆ ಸರ್ಟಿಫಿಕೇಟ್ ಇದೆ ಎಂದೂ ನೋಡುತ್ತಾರೆ. ಅದಕ್ಕೇ ಪರೀಕ್ಷೆ ಫೀಸನ್ನು ಕಂಪನಿಯೇ ಕಟ್ಟುವುದುಂಟು. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಸರ್ಟಿಫಿಕೇಟ್ 3 ವರ್ಷ ನಡೆಯುತ್ತದೆ. ಮೈಕ್ರೊಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್‌ನ ಅಸೋಸಿಯೇಟ್, ಎಕ್ಸ್‌ಪರ್ಟ್ ಹಂತದವು ಒಂದೇ ವರ್ಷ, ಆದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ನವೀಕರಿಸಬಹುದು. ಒಂದೆರಡು ಇರಲಿ. ಹನ್ನೆರಡು ಇದ್ದರೆ, ಕೆಲಸ ಯಾವಾಗ ಮಾಡಿದಿರಿ ಎಂದು ಕೇಳುವವರೂ ಇದ್ದಾರೆ.

ಪ್ರಯಾಣ ಎಷ್ಟಿರುತ್ತದೆ?

ಕೋವಿಡ್ ನಂತರ ತುಂಬಾ ಕಡಿಮೆಯಾಗಿದೆ. ಮೊದಲ ವರ್ಕ್‌ಶಾಪ್, ಗೋ-ಲೈವ್, ಮತ್ತೆ ಏನಾದರೂ ಕೈಮೀರಿದಾಗ ಹೋಗಬೇಕಾಗುತ್ತದೆ. ಉಳಿದದ್ದು ಆಯಾ ಕಂಪನಿ, ಕ್ಲೈಂಟ್ ನೋಡಿಕೊಂಡು.

ನನ್ನ ನಿಜವಾದ ಬಾಸ್ ಯಾರು?

ಕಾಗದದ ಮೇಲೆ ಒಬ್ಬರು, ದಿನಾ ಕೆಲಸ ಹೇಳುವವರು ಇನ್ನೊಬ್ಬರು, ನಿಮ್ಮ ಬಗ್ಗೆ ಒಂದು ಮಾತು ಹೇಳಿದರೆ ಇಬ್ಬರನ್ನೂ ಅಲ್ಲಾಡಿಸಬಲ್ಲ ಕ್ಲೈಂಟ್ ಮೂರನೆಯವರು. ಅಪ್ರೈಸಲ್ ಬರೆಯುವವರು ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿರುವುದೇ ಇಲ್ಲ. ಆದ್ದರಿಂದ ಪ್ರಾಜೆಕ್ಟ್ ಮುಗಿದ ವಾರವೇ ಅಲ್ಲಿನ ಮ್ಯಾನೇಜರ್‌ರಿಂದ ನಾಲ್ಕು ಸಾಲು ಬರೆಸಿಕೊಳ್ಳಿ. ವರ್ಷದ ಕೊನೆಗೆ ಅವರು ಬೇರೆ ಕಂಪನಿಯಲ್ಲಿರಬಹುದು. ಕ್ಲೈಂಟ್ ಕಳಿಸಿದ ಮೆಚ್ಚುಗೆಯ ಮೇಲ್ ಅನ್ನು ಅಪ್ರೈಸಲ್ ಬರೆಯುವವರಿಗೆ ಅಂದೇ ಫಾರ್ವರ್ಡ್ ಮಾಡಿ. ಜಂಬ ಅಂದುಕೊಂಡಾರು ಎಂಬ ಸಂಕೋಚ ಬೇಡ.

ಪ್ರಮೋಷನ್ ಹೇಗೆ?

ಕೆಳಗಿನ ಹಂತಗಳಲ್ಲಿ ಕೆಲಸ ಚೆನ್ನಾಗಿ ಮಾಡಿದರೆ ಸಾಕು. ಮ್ಯಾನೇಜರ್ ಹಂತ ದಾಟಿದ ಮೇಲೆ ಅಳತೆಗೋಲು ಬದಲಾಗುತ್ತದೆ: ಎಷ್ಟು ವ್ಯವಹಾರ ತಂದಿರಿ, ಇರುವ ಕ್ಲೈಂಟ್‌ನಿಂದ ಎಷ್ಟು ಬೆಳೆಸಿದಿರಿ. ಅಪ್ಪಟ ತಾಂತ್ರಿಕ ಮನಸ್ಸಿನವರು ಇಲ್ಲೇ ಎಡವುತ್ತಾರೆ. ಮ್ಯಾನೇಜರ್ ಆಗದೆ ಸಿಸ್ಟಮ್ ವಿನ್ಯಾಸ ಮಾಡುತ್ತಲೇ ಮೇಲೇರುವ ಆರ್ಕಿಟೆಕ್ಟ್ ದಾರಿ ಇದೆ ಎಂದು ಎಲ್ಲ ಕಂಪನಿಗಳೂ ಹೇಳುತ್ತವೆ. ಆ ದಾರಿಯಲ್ಲಿ ಮೇಲೆ ಹೋದವರು ಎಷ್ಟು ಜನ ಇದ್ದಾರೆ ಎಂದು ಎಣಿಸಿ ನೋಡಿ, ಆಮೇಲೆ ನಂಬಿ.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತದಾ?

ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ 2022ರ ಜೂನ್‌ನಲ್ಲಿ, ಚಾಟ್‌ಜಿಪಿಟಿ ಅದೇ ವರ್ಷ ನವೆಂಬರ್‌ನಲ್ಲಿ ಎಲ್ಲರ ಕೈಗೆ ಬಂದವು. ಅಲ್ಲಿಂದ ಈ ಉದ್ಯಮಕ್ಕೆ ಒಂದು ಮುಜುಗರದ ಪ್ರಶ್ನೆ ಎದುರಾಗಿದೆ. 10 ಗಂಟೆಯ ಕೆಲಸ 6 ಗಂಟೆಗೆ ಮುಗಿದರೆ, ಗಂಟೆ ಲೆಕ್ಕದಲ್ಲಿ ಮಾರುವವರಿಗೆ ನಷ್ಟ. ಕ್ಲೈಂಟ್‌ಗಳು ರಿಯಾಯಿತಿ ಕೇಳುತ್ತಾರೆ, ಕಂಪನಿಗಳು ಫಲಿತಾಂಶಕ್ಕೆ ಬೆಲೆ ಕಟ್ಟುವ ಮಾತಾಡುತ್ತವೆ. ಪೆಟ್ಟು ಬೀಳುವುದು ಮೊದಲು ಹೊಸಬರ ಕೆಲಸಕ್ಕೆ ಎಂದು ನನ್ನ ಅನಿಸಿಕೆ. ಯಾಕೆಂದರೆ ಚಿಕ್ಕ ಚಿಕ್ಕ ಕೋಡ್ ಬರೆದೇ ಅವರು ಕಲಿಯುತ್ತಿದ್ದರು. "ಪಿ2" ಅಂದರೇನು ಎಂದು ಆ ಗುಮಾಸ್ತೆಯನ್ನು ಕೇಳಿ ಬರುವ ಕೆಲಸ ಸದ್ಯಕ್ಕೆ ಎಲ್ಲೂ ಹೋಗುವುದಿಲ್ಲ.

ಕ್ಲೈಂಟ್‌ನ ಕೋಡನ್ನಾಗಲಿ ಡೇಟಾವನ್ನಾಗಲಿ ಸಾರ್ವಜನಿಕ ಎಐ ಟೂಲ್‌ಗೆ ಅಂಟಿಸಬೇಡಿ. ಯಾವುದನ್ನು ಬಳಸಬಹುದು ಎಂದು ಒಪ್ಪಂದದಲ್ಲಿ ಬರೆದಿರಬಹುದು, ಕೇಳಿ ತಿಳಿದುಕೊಳ್ಳಿ.

ಇಂಟರ್‌ವ್ಯೂ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯಾ" ಅಂದಾಗ ಏನು ಕೇಳಲಿ?

ಸೇರಿದ ಮೇಲೆ ನನ್ನ ಮೊದಲ ಪ್ರಾಜೆಕ್ಟ್ ಯಾವುದಿರಬಹುದು, ಅಲ್ಲಿ ಎಷ್ಟು ಜನ ಇದ್ದಾರೆ? ಈ ತಂಡದಲ್ಲಿ ಈಗ ಬೆಂಚ್‌ನಲ್ಲಿ ಎಷ್ಟು ಜನ, ಸರಾಸರಿ ಎಷ್ಟು ವಾರ? ಒಂದು ಪ್ರಾಜೆಕ್ಟ್ ಬೇಡ ಅನ್ನುವ ಅವಕಾಶ ಇದೆಯಾ? ಇವನ್ನು ಕೇಳಿದರೆ ಸಾಕು. ಕಂಪನಿಯ ಹೆಸರಿಗಿಂತ ನೀವು ಸೇರುವ ವಿಭಾಗ, ಮೊದಲ ಮ್ಯಾನೇಜರ್ ಮುಖ್ಯ. ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿ ಎರಡು ಬೇರೆ ಕಂಪನಿಯಂತೆ ಇರುತ್ತದೆ.

ಕ್ಲೈಂಟ್ ನನಗೇ ಕೆಲಸ ಕೊಡುತ್ತೇನೆ ಅಂದರೆ ಹೋಗಬಹುದಾ?

ಬಹಳ ಜನ ಹಾಗೇ ಹೋಗಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಮೊದಲು ಎರಡು ಕಾಗದ ನೋಡಬೇಕು. ಒಂದು ನಿಮ್ಮ ನೇಮಕಾತಿ ಪತ್ರ. ಇನ್ನೊಂದು ಕಂಪನಿಗೂ ಕ್ಲೈಂಟ್‌ಗೂ ಇರುವ ಒಪ್ಪಂದ. ಇಷ್ಟು ತಿಂಗಳು ಒಬ್ಬರ ಜನರನ್ನು ಇನ್ನೊಬ್ಬರು ಸೆಳೆಯುವಂತಿಲ್ಲ ಎಂಬ ಷರತ್ತು ಅದರಲ್ಲಿ ಇರುವುದು ಸಾಮಾನ್ಯ. ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ವಿಚಾರಿಸಲು ಕ್ಲೈಂಟ್‌ನ ಎಚ್‌ಆರ್‌ಗೇ ಹೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಎಷ್ಟೋ ಸಲ ಎರಡೂ ಕಡೆಯವರು ಮಾತಾಡಿಕೊಂಡು ಬಿಟ್ಟುಕೊಡುತ್ತಾರೆ, ಕ್ಲೈಂಟ್ ಕಳೆದುಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಆ ಬರವಣಿಗೆ ಕೈಗೆ ಬರುವ ತನಕ ರಾಜೀನಾಮೆ ಕೊಡಬೇಡಿ.